ಕಪ್ಪೆಯೊಳಗಿನ ಹುಳುವಿಗೆ ಎಂಥಾ ಚರ್ಮ!

ಕಪ್ಪೆಯ ಶ್ವಾಸಕೋಶದಲ್ಲಿ ಹುಳು ಇರುತ್ತದೆ ಎಂದರೆ ನನ್ನ ರೂಮ್‌ಮೇಟ್ ಮುಖ ಕಿವುಚುತ್ತಾಳೆ. ಪ್ರಾಣಿಶಾಸ್ತ್ರ ಓದುತ್ತಿರುವ ನನಗೋ, ಆ ಹುಳುವಿನ ಚರ್ಮದ್ದೇ ಬೆರಗು.

ಹೆಸರು ಹಿಮ್ಯಾಟೊಲೀಕಸ್. ಯುರೋಪ್, ಅಮೆರಿಕದ ಕಪ್ಪೆಗಳಲ್ಲಿ ಇದರ ಹಲವು ಜಾತಿಗಳಿವೆ. ಎಲೆಯಂತೆ ಚಪ್ಪಟೆ, ಕೆಲವೇ ಮಿಲಿಮೀಟರ್ ಉದ್ದ. ಮೊದಲು ನೀರಿನ ಬಸವನಹುಳುವಿನಲ್ಲಿ ಬೆಳೆದು, ಆಮೇಲೆ ಏರೋಪ್ಲೇನ್ ಚಿಟ್ಟೆಯ ಮರಿಯನ್ನು ಹೊಕ್ಕು, ಆ ಚಿಟ್ಟೆಯನ್ನು ನುಂಗಿದ ಕಪ್ಪೆಯ ಶ್ವಾಸಕೋಶ ಸೇರಿ ರಕ್ತ ಹೀರುತ್ತದೆ. ಎಷ್ಟು ಬಸ್ ಬದಲಿಸಿ ಬಂದಿದೆ ನೋಡಿ!

ಬಣ್ಣ ಹಾಕಿದ ಸ್ಲೈಡಿನಲ್ಲಿ ಅದರ ಕರುಳು, ಮೊಟ್ಟೆಗಳೇ ಕಣ್ಣಿಗೆ ಬೀಳುತ್ತವೆ. ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಬೇರೆಯೇ ಲೋಕ. ಮೈಯೆಲ್ಲ ಮಡಿಕೆ, ಕುಳಿ. ಅನೇಕ ಜಾತಿಗಳಲ್ಲಿ ಸಾಲು ಸಾಲು ಸಣ್ಣ ಮುಳ್ಳು. ಕಚ್ಚಿಕೊಳ್ಳುವ ಬಟ್ಟಲಿನಂಥ ಅಂಗದ ಸುತ್ತ ಗುಳ್ಳೆಗಳಂಥ ಉಬ್ಬುಗಳು. ಮುಟ್ಟಿದ್ದನ್ನು ಅರಿಯುವ ಬೆರಳತುದಿಗಳು ಅವು ಎನ್ನಬಹುದು.

ಇಂಥ ಹುಳುಗಳ ಹೊದಿಕೆ ನಮ್ಮ ಉಗುರಿನಂತೆ ನಿರ್ಜೀವ ಎಂದೇ ಹಿಂದೆ ನಂಬಿದ್ದರು. ದನ, ಕುರಿಗಳ ಲಿವರ್‌ನಲ್ಲಿರುವ ಇದರ ಸಂಬಂಧಿ ಹುಳುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ ಥ್ರೆಡ್‌ಗೋಲ್ಡ್ 1963ರಲ್ಲಿ ಬರೆದದ್ದು ಆ ನಂಬಿಕೆಗೆ ವಿರುದ್ಧ: ಅದು ಜೀವಂತ ಪದರ! ಜೀವಕೋಶಗಳ ನಡುವೆ ಗಡಿಯೇ ಇಲ್ಲ. ಗೋಡೆಗಳನ್ನೆಲ್ಲ ಒಡೆದು ಒಂದೇ ಹಾಲ್ ಮಾಡಿದ ವಠಾರದಂತೆ. ಕೋಶಕೇಂದ್ರಗಳು ಮಾತ್ರ ಕೆಳಗೆ, ಸ್ನಾಯುಗಳಾಚೆ ಕುಳಿತು, ಸಪೂರ ದಾರಿಗಳಲ್ಲಿ ಮೇಲಕ್ಕೆ ಸಾಮಾನು ಕಳಿಸುತ್ತವೆ.

ಈ ಸಾಮಾನು ಸರಬರಾಜು ನಿಂತರೆ ಹುಳುವಿಗೆ ಉಳಿಗಾಲವಿಲ್ಲ. ಚರ್ಮದಿಂದಲೂ ಅದು ಸಕ್ಕರೆಯಂಥ ಆಹಾರ ಹೀರಿಕೊಳ್ಳುತ್ತದೆ. ಲಿವರ್ ಹುಳುವಂತೂ ಮೈಮೇಲಿನ ತೆಳು ಲೇಪವನ್ನು ಕಳಚುತ್ತ, ಹೊಸದನ್ನು ಬಳಿಯುತ್ತಲೇ ಇರುತ್ತದೆ. ಒಡಲು ಕೊಟ್ಟ ಪ್ರಾಣಿಯ ರೋಗನಿರೋಧಕ ಪಡೆ ಬಂದು ಅಂಟಿಕೊಂಡರೆ ಆ ಲೇಪದ ಜೊತೆಗೇ ಉದುರಿಹೋಗುತ್ತದೆ. ಕಳ್ಳನನ್ನು ಹಿಡಿದರೆ ಕೈಯಲ್ಲಿ ಬರೀ ಅಂಗಿ!

ಹಾಗಾಗಿಯೇ ಔಷಧ ತಯಾರಿಸುವವರ ಕಣ್ಣು ಈ ಚರ್ಮದ ಮೇಲಿದೆ. ಲಿವರ್ ಹುಳುವಿಗೆ ಕೊಡುವ ಟ್ರೈಕ್ಲಾಬೆಂಡಜೋಲ್ ತಾಗಿದರೆ ಅದರ ಚರ್ಮ ಊದಿಕೊಂಡು, ಸಿಪ್ಪೆಯಂತೆ ಕಿತ್ತುಬರುತ್ತದೆ. ಈಗ ಆ ಔಷಧಕ್ಕೂ ಬಗ್ಗದ ಹುಳುಗಳು ಹಲವು ದೇಶಗಳ ಕೊಟ್ಟಿಗೆಗಳಲ್ಲಿವೆ.