ನೆಂಟರೇ ಉಳಿದುಕೊಂಡ ಮನೆ

ದೆಹಲಿಯ ಜನಪಥದಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ನಮ್ಮ ಕಡೆಯಿಂದ ಹೋದವರು ಎರಡು ಕಡೆ ತಪ್ಪದೆ ನಿಲ್ಲುತ್ತಾರೆ. ಒಂದು, ಮೊಹೆಂಜೊದಾರೊದ ನರ್ತಕಿಯ ಮುಂದೆ. ಶಾಲೆಯ ಪುಸ್ತಕದ ಪುಟ ತುಂಬ ನಿಂತಿದ್ದವಳು ಇಲ್ಲಿ ನೋಡಿದರೆ ಅರ್ಧ ಗೇಣೂ ಇಲ್ಲ! ಇನ್ನೊಂದು, ಐಹೊಳೆಯಿಂದ ಬಂದು ಇಲ್ಲಿ ಕಲ್ಲಿನಲ್ಲೇ ಹಾರಾಡುತ್ತಿರುವ ಗಂಧರ್ವ ದಂಪತಿಯ ಮುಂದೆ. ಆಮೇಲೆ ಕಾಲು ನೋಯುತ್ತದೆ, ಕ್ಯಾಂಟೀನು ನೆನಪಾಗುತ್ತದೆ. ಕೆಲವು ವಾರ ಇದ್ದು ಮಾಯವಾಗುವ ತಾತ್ಕಾಲಿಕ ಪ್ರದರ್ಶನದ ಬಾಗಿಲನ್ನು ಯಾರೂ ತಳ್ಳುವುದಿಲ್ಲ.

ತಮಾಷೆಯೆಂದರೆ ಈ ಸಂಸ್ಥೆ ಹುಟ್ಟಿದ್ದೇ ಅಂಥ ಒಂದು ಪ್ರದರ್ಶನದಿಂದ.

1947-48ರ ಚಳಿಗಾಲದಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಭಾರತ ಮತ್ತು ಪಾಕಿಸ್ತಾನದ ಕಲೆಯ ದೊಡ್ಡ ಪ್ರದರ್ಶನವೊಂದನ್ನು ನಡೆಸಿತು. ಅದಕ್ಕಾಗಿ ದೇಶದ ನಾನಾ ಮ್ಯೂಸಿಯಂಗಳಿಂದ ಶಿಲ್ಪಗಳು, ಚಿತ್ರಗಳು, ಕಂಚಿನ ಮೂರ್ತಿಗಳು ಹಡಗು ಹತ್ತಿದ್ದವು. ಅವು ಮರಳಿದಾಗ ನೇರವಾಗಿ ಅವರವರ ಊರಿಗೆ ಕಳಿಸದೆ, ದೆಹಲಿಯ ಜನರೂ ಒಮ್ಮೆ ನೋಡಲಿ ಎಂದು 1948ರ ಕೊನೆಗೆ ಗವರ್ನಮೆಂಟ್ ಹೌಸಿನ, ಅಂದರೆ ಇಂದಿನ ರಾಷ್ಟ್ರಪತಿ ಭವನದ, ದರ್ಬಾರ್ ಹಾಲಿನಲ್ಲಿ ಇಟ್ಟರು. ವೈಸರಾಯ್ ಕೂರುತ್ತಿದ್ದ ಜಾಗದಲ್ಲಿ ಬುದ್ಧ, ಯಕ್ಷಿ, ನಟರಾಜ. ನೋಡಿದವರು ಬೆರಗಾದರು. ಬೆರಗಾದವರಲ್ಲಿ ಪ್ರಧಾನಿ ನೆಹರೂ ಕೂಡ ಒಬ್ಬರು. ಇಷ್ಟೆಲ್ಲ ಒಂದೇ ಕಡೆ ಸೇರಿದೆ, ಮತ್ತೆ ಯಾಕೆ ಚದುರಿಸಬೇಕು ಎಂಬ ಮಾತು ಬಂತು. 1949ರ ಆಗಸ್ಟ್ 15ರಂದು, ಅದೇ ಕಟ್ಟಡದಲ್ಲಿ, ಗವರ್ನರ್ ಜನರಲ್ ರಾಜಾಜಿ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದರು.

ರಾಜಧಾನಿಗೊಂದು ಮ್ಯೂಸಿಯಂ ಬೇಕೆಂದು 1946ರಲ್ಲೇ ಗ್ವಯರ್ ಸಮಿತಿ ಯೋಜನೆ ಹಾಕಿತ್ತು, ನಿಜ. ಆದರೆ ಯೋಜನೆಗೆ ಮೈ ಬಂದದ್ದು ಈ ಎರವಲು ವಸ್ತುಗಳಿಂದ. ಕೊಟ್ಟವರೆಲ್ಲ ಸಂತೋಷದಿಂದಲೇ ಬಿಟ್ಟುಕೊಟ್ಟರು ಅಂತೇನಿಲ್ಲ. ನಮ್ಮದನ್ನು ನಮಗೆ ಕೊಡಿ ಎಂದು ಕೇಳಿದ ಮ್ಯೂಸಿಯಂಗಳೂ ಇದ್ದವು. ಮದುವೆಗೆಂದು ಪಕ್ಕದ ಮನೆಯಿಂದ ತಂದ ಕೊಪ್ಪರಿಗೆ ನಮ್ಮ ಅಟ್ಟದಲ್ಲೇ ಉಳಿದುಹೋದರೆ ಆಗುವಂಥದೇ ಇರುಸುಮುರುಸು. ಕಲ್ಕತ್ತದ ಇಂಡಿಯನ್ ಮ್ಯೂಸಿಯಂನಿಂದ ಬಂದ ರಾಮಪುರ್ವಾದ ಗೂಳಿಯಂತೂ, ಅಶೋಕನ ಕಾಲದ ಸ್ತಂಭದ ನೆತ್ತಿಯ ಮೇಲಿದ್ದದ್ದು, ಇವತ್ತಿಗೂ ರಾಷ್ಟ್ರಪತಿ ಭವನದಲ್ಲೇ ನಿಂತಿದೆ.

ಜನಪಥದ ಕಟ್ಟಡಕ್ಕೆ ನೆಹರೂ ಅಡಿಗಲ್ಲು ಹಾಕಿದ್ದು 1955ರಲ್ಲಿ. 1960ರ ಡಿಸೆಂಬರ್ 18ರಂದು ಅದನ್ನು ತೆರೆದವರು ಆಗಿನ ಉಪರಾಷ್ಟ್ರಪತಿ, ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದ ರಾಧಾಕೃಷ್ಣನ್. ಮೊದಲ ನಿರ್ದೇಶಕಿಯಾಗಿ ಬಂದವರು ಅಮೆರಿಕದ ಗ್ರೇಸ್ ಮೊರ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಕಲಾ ಮ್ಯೂಸಿಯಂ ಕಟ್ಟಿದಾಕೆ. ನೆಂಟರ ಹಾಗೆ ಬಂದ ಅವರೂ ವಾಪಸು ಹೋಗಲಿಲ್ಲ, ದೆಹಲಿಯಲ್ಲೇ ತೀರಿಕೊಂಡರು.

ದೇವಸ್ಥಾನದಲ್ಲಿ ಮೂಲ ವಿಗ್ರಹ ಗರ್ಭಗುಡಿ ಬಿಟ್ಟು ಕದಲುವುದಿಲ್ಲ, ಊರು ಸುತ್ತುವುದು ಉತ್ಸವ ಮೂರ್ತಿ. ಇಲ್ಲಿಯೂ ಹಾಗೆಯೇ. ಕಾಯಂ ಗ್ಯಾಲರಿಗಳಲ್ಲಿ ಒಂದಲ್ಲ ಒಂದಕ್ಕೆ ದುರಸ್ತಿಯ ಹೆಸರಲ್ಲಿ ಬೀಗ ಬಿದ್ದಿರುತ್ತದೆ. ಜೀವ ಕಾಣುವುದು ಬಂದುಹೋಗುವ ಪ್ರದರ್ಶನಗಳಲ್ಲಿ. 2001ನೇ ಇಸವಿಯನ್ನೇ ನೋಡಿ. ಹೈದರಾಬಾದ್ ನಿಜಾಮರ ಒಡವೆಗಳು ಇಲ್ಲಿ ಜನರ ಕಣ್ಣಿಗೆ ಬಿದ್ದದ್ದು ಆ ವರ್ಷ. ಡಿಸೆಂಬರಿನಲ್ಲಿ ಫ್ರಾನ್ಸಿನಿಂದ ಪಿಕಾಸೊ ಚಿತ್ರಗಳು ಬಂದವು. 

ನಿಜಾಮರ ಒಡವೆಗಳ ಕತೆ ಉಳಿದವರ ಕತೆಗೆ ತಿರುಗುಮುರುಗು. 1995ರಲ್ಲಿ ಕೇಂದ್ರ ಸರ್ಕಾರ 218 ಕೋಟಿ ರೂಪಾಯಿ ಕೊಟ್ಟು 173 ಒಡವೆಗಳನ್ನು ಕೊಂಡಿತು. ಅವುಗಳಲ್ಲೊಂದು 184.75 ಕ್ಯಾರೆಟ್ಟಿನ ಜೇಕಬ್ ವಜ್ರ. ಆರನೇ ನಿಜಾಮ ಅದನ್ನು ಚಪ್ಪಲಿಯ ತುದಿಯಲ್ಲಿ ತುರುಕಿಟ್ಟಿದ್ದನಂತೆ, ಮಗ ಅದನ್ನು ಕಾಗದ ಹಾರದಂತೆ ಮೇಜಿನ ಮೇಲೆ ಇಟ್ಟುಕೊಂಡನಂತೆ. ಒಡವೆಗಳು 2007ರಲ್ಲಿ ಮತ್ತೆ ಇಲ್ಲಿಗೆ ಬಂದವು, 2019ರಲ್ಲಿ ಮತ್ತೆ. ಪ್ರತಿ ಸಲವೂ ಜನ ಸಾಲುಗಟ್ಟಿ ನೋಡುತ್ತಾರೆ, ಆಮೇಲೆ ಒಡವೆಗಳು ರಿಸರ್ವ್ ಬ್ಯಾಂಕಿನ ಭದ್ರ ಕೋಣೆಗೆ ವಾಪಸು. ನಮ್ಮೂರಲ್ಲೇ ಇಡಿ ಎಂಬ ಹೈದರಾಬಾದಿನವರ ಬೇಡಿಕೆ ಬೇಡಿಕೆಯಾಗಿಯೇ ಇದೆ.

2013ರ ಸೆಪ್ಟೆಂಬರಿನಲ್ಲಿ ಒಂದೇ ಒಂದು ಶಿಲ್ಪಕ್ಕಾಗಿ ಪ್ರದರ್ಶನ ನಡೆಯಿತು. ಉತ್ತರ ಪ್ರದೇಶದ ಲೋಖರಿ ಎಂಬ ಹಳ್ಳಿಯ ಗುಡಿಯಿಂದ ಕಳುವಾಗಿ ಪ್ಯಾರಿಸ್ ಸೇರಿದ್ದ, ಪ್ರಾಣಿಮುಖದ ಯೋಗಿನಿ ವೃಷಾನನೆ ಮರಳಿ ಬಂದಿದ್ದಳು. ದೇಶಕ್ಕೆ ಬಂದಳು, ಊರಿಗೆ ಹೋಗಲಿಲ್ಲ. ಈ ಮ್ಯೂಸಿಯಂನಲ್ಲೇ ನೆಲೆಯಾದಳು. ಹಳ್ಳಿಯಲ್ಲಿ ಕಾವಲಿಲ್ಲ ಎಂಬುದು ಸರಿಯಾದ ಕಾರಣವೇ. ಆದರೂ 1949ರ ಹಳೆಯ ಚಾಳಿ ಇಲ್ಲಿ ನನಗೆ ಮತ್ತೆ ಕಾಣುತ್ತದೆ.

ಮರುವರ್ಷ ನಮನ್ ಆಹುಜಾ ರೂಪಿಸಿದ, ಭಾರತೀಯ ಕಲೆಯಲ್ಲಿ ದೇಹವನ್ನು ಕುರಿತ ಪ್ರದರ್ಶನ ಬಂತು. ಬ್ರಸೆಲ್ಸ್‌ನಲ್ಲಿ ಮುಗಿಸಿ ಬಂದದ್ದು. ದೇಹದ ಮಾತನ್ನು ಅದು ಶುರು ಮಾಡಿದ್ದು ಸಾವಿನಿಂದ. ನನ್ನ ಲೆಕ್ಕದಲ್ಲಿ ಇಲ್ಲಿನ ಪ್ರದರ್ಶನಗಳ ಪೈಕಿ ಅಷ್ಟು ಧೈರ್ಯದ್ದು ಇನ್ನೊಂದಿಲ್ಲ. 2015ರ ಆರಂಭದಲ್ಲಿ ದಖನ್ನಿನ ಕಲೆಗಳ ಸರದಿ. ಪ್ರದರ್ಶನದ ಹೆಸರು ‘ನೌರಸ್’. ಹೆಸರಲ್ಲೇ ವಿಜಯಪುರ ಇದೆ: ಅಲ್ಲಿನ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಹಾಡುಗಳನ್ನು ಬರೆದು ಕಿತಾಬ್-ಎ-ನೌರಸ್ ಎಂದು ಕರೆದ, ಊರ ಪಕ್ಕದಲ್ಲಿ ನೌರಸ್‌ಪುರ ಕಟ್ಟಿಸಲು ಹೊರಟ, ಸರಸ್ವತಿಯನ್ನೂ ಸ್ತುತಿಸಿದ. ದೆಹಲಿಯಲ್ಲಿ ಕಲೆ ಎಂದರೆ ಮೊಘಲರದ್ದು ಎಂಬಂತೆ ನಡೆದುಕೊಂಡು ಬಂದಿತ್ತು. ದಕ್ಷಿಣದ ಸುಲ್ತಾನರಿಗೆ ಅಲ್ಲಿ ಕೆಲವು ವಾರವಾದರೂ ಮಣೆ ಹಾಕಿದರಲ್ಲ!

2018ರಲ್ಲಿ ಬ್ರಿಟಿಷ್ ಮ್ಯೂಸಿಯಂ ಜೊತೆ ಸೇರಿ ಮಾಡಿದ ‘ಭಾರತ ಮತ್ತು ಜಗತ್ತು’ ಮುಂಬೈ ಮುಗಿಸಿಕೊಂಡು ಬಂತು. ಅಮರಾವತಿಯ ಶಿಲ್ಪಗಳನ್ನು ತಮ್ಮಲ್ಲೇ ಇಟ್ಟುಕೊಂಡವರು ನಮಗೆ ವಸ್ತುಗಳನ್ನು ಎರವಲು ಕೊಟ್ಟರು, ನಾವು ಜೋಪಾನವಾಗಿ ಹಿಂತಿರುಗಿಸಿದೆವು.

ಇಂಥ ಪ್ರದರ್ಶನ ಮುಗಿದ ಮೇಲೆ ಕೈಗೆ ಸಿಗುವುದು ಕ್ಯಾಟಲಾಗು ಮಾತ್ರ. ಗೋಡೆಗೆ ಮತ್ತೆ ಬಿಳಿ ಬಣ್ಣ, ಹೊಸ ಮೊಳೆ.

ಈಗ ಸಂಗ್ರಹಾಲಯಕ್ಕೇ ಮನೆ ಬದಲಿಸುವ ಯೋಗ. ನಾರ್ತ್ ಬ್ಲಾಕ್ ಮತ್ತು ಸೌತ್ ಬ್ಲಾಕ್‌ಗಳಲ್ಲಿ ‘ಯುಗೇ ಯುಗೀನ್ ಭಾರತ್’ ಎಂಬ ಹೊಸ ಮ್ಯೂಸಿಯಂ ಬರಲಿದೆ ಎಂದು 2023ರಲ್ಲಿ ಘೋಷಣೆಯಾಯಿತು. ಎರಡು ಲಕ್ಷ ದಾಟಿದ ವಸ್ತುಗಳನ್ನು ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಗೆ ತುಂಬಿ ರೈಸಿನಾ ಗುಡ್ಡ ಹತ್ತಿಸಬೇಕು. ಅಲ್ಲಿಂದ ರಾಷ್ಟ್ರಪತಿ ಭವನಕ್ಕೆ ನಾಲ್ಕು ಹೆಜ್ಜೆ. 1948ರಲ್ಲಿ ಜೊತೆಗೆ ಬಂದ ಕಲ್ಕತ್ತದ ಗೂಳಿ ಅಲ್ಲೇ ಇದೆ.