ಸೇನೆಯ ಹಾದಿ ಮುಚ್ಚಿದ ದಿನ

ಎಪ್ಪತ್ತೇ ವರ್ಷಗಳ ಅವಧಿಯಲ್ಲಿ, 1870, 1914, 1940ರಲ್ಲಿ, ಮೂರು ಬಾರಿ ಜರ್ಮನ್ ದಂಡಿನ ಆಕ್ರಮಣಕ್ಕೆ ತುತ್ತಾಗಿದ್ದ ಫ್ರಾನ್ಸು, ಅದೇ ಜರ್ಮನಿಯ ಕೈಗೆ ಮತ್ತೆ ಆಯುಧ ಕೊಡಬೇಕೆಂದು ಕೊರಿಯಾ ಯುದ್ಧದ ಕಾವಿನಲ್ಲಿ ಅಮೆರಿಕ ಪಟ್ಟು ಹಿಡಿದಾಗ, ಒಪ್ಪಲೂ ಆರದೆ ಒಲ್ಲೆನೆನ್ನಲೂ ಆರದೆ, ಒಂದು ಮಧ್ಯಮಾರ್ಗವನ್ನು ಅರಸಿತು. ಜರ್ಮನಿಗೆ ಸ್ವಂತ ಸೇನೆ ಬೇಡ. ಪಶ್ಚಿಮ ಯುರೋಪಿನ ದೇಶಗಳ ಸೈನಿಕರು ಒಂದೇ ಸಮವಸ್ತ್ರ ತೊಟ್ಟು ಒಂದೇ ಅಧಿಕಾರಕ್ಕೆ ಒಳಪಡಲಿ ಎಂಬ ಈ ಯೋಜನೆ ಫ್ರಾನ್ಸಿನ ಯೋಜನಾ ಆಯುಕ್ತ ಝಾಂ ಮೊನೆಯ ಚಿಂತನೆಯಲ್ಲಿ ಮೂಡಿ, 1950ರ ಅಕ್ಟೋಬರಿನಲ್ಲಿ ಪ್ರಧಾನಿ ರೆನೆ ಪ್ಲೆವೆನ್ನನ ಬಾಯಿಂದ ಹೊರಬಿದ್ದಿತು. 1952ರ ಮೇ 27ರಂದು ಪ್ಯಾರಿಸಿನಲ್ಲಿ ಆರು ದೇಶಗಳು ಅದರ ಒಪ್ಪಂದಕ್ಕೆ ಸಹಿ ಹಾಕಿದುವು.

ಆದರೆ ಸಹಿ ಮಾಡಿದ ಫ್ರೆಂಚ್ ಸರಕಾರಕ್ಕೇ ಅದನ್ನು ತನ್ನ ರಾಷ್ಟ್ರೀಯ ಸಭೆಯ ಮುಂದಿಡುವ ಧೈರ್ಯವಾಗಲಿಲ್ಲ. ಪಶ್ಚಿಮ ಜರ್ಮನಿ, ಬೆಲ್ಜಿಯಂ, ಹಾಲೆಂಡ್, ಲಕ್ಸೆಂಬರ್ಗ್ ಅನುಮೋದಿಸಿದ ಮೇಲೂ ಪ್ಯಾರಿಸ್ಸು ತಡೆಯುತ್ತಲೇ ಇದ್ದಿತು. ಅಷ್ಟರಲ್ಲಿ ಸ್ಟಾಲಿನ್ ತೀರಿಕೊಂಡ, ಕೊರಿಯಾದ ಕದನ ನಿಂತಿತು, ಇಂಡೋಚೀನದಲ್ಲಿ ದಿಯೆನ್ ಬಿಯೆನ್ ಫು ಎಂಬ ಫ್ರೆಂಚ್ ಸೇನಾನೆಲೆ ಕೈಬಿಟ್ಟುಹೋಯಿತು. 1954ರ ಜೂನಿನಲ್ಲಿ ಪ್ರಧಾನಿಯಾದ ಮೆಂಡೆಸ್ ಫ್ರಾನ್ಸ್, ಬ್ರಸೆಲ್ಸಿನಲ್ಲಿ ತಿದ್ದುಪಡಿಗಳನ್ನು ಕೇಳಿ ವಿಫಲನಾಗಿ ಬಂದು, ತನ್ನ ಸರಕಾರದ ಅಳಿವು ಉಳಿವನ್ನು ಪಣಕ್ಕೊಡ್ಡದೆಯೇ ಒಪ್ಪಂದವನ್ನು ಸಭೆಗೊಪ್ಪಿಸಿದ.

ಆಗಸ್ಟ್ 30ರಂದು ಜನರಲ್ ಓಮೆರಾನ್ ತಂದ ಸೂಚನೆ, ಚರ್ಚೆಯನ್ನು ಮುಂದುವರಿಸುವ ಅಗತ್ಯವೇ ಇಲ್ಲವೆಂಬುದು. ಅದರ ಪರವಾಗಿ ಮಾತನಾಡಿದವ ಎಂಬತ್ತೆರಡರ ಎಡ್ವಾರ್ ಎರಿಯೊ. ವೇದಿಕೆಯ ಮೆಟ್ಟಿಲೇರುವ ಶಕ್ತಿಯಿಲ್ಲದೆ, ಕುಳಿತಲ್ಲಿಂದಲೇ, ಈ ಒಪ್ಪಂದ ಫ್ರಾನ್ಸಿನ ಅಂತ್ಯವೆಂದು ನಡುಗುವ ದನಿಯಲ್ಲಿ ನುಡಿದ. 1925ರಲ್ಲಿ, ತಾನು ಪ್ರಧಾನಿಯಾಗಿದ್ದಾಗ, ಯುರೋಪಿನ ಸಂಯುಕ್ತ ಸಂಸ್ಥಾನವನ್ನು ಕಾಣಬೇಕೆಂದು ಹಾರೈಸಿದ್ದವನೂ ಆತನೇ. ಸೂಚನೆಗೆ 319 ಮತ, ವಿರುದ್ಧವಾಗಿ 264; ಒಪ್ಪಂದ ಅಲ್ಲಿಗೇ ಬಿದ್ದುಹೋಯಿತು. ಗೆದ್ದವರು ಎದ್ದುನಿಂತು ರಾಷ್ಟ್ರಗೀತೆ ಮಾರ್ಸೆಯೇಸ್ ಹಾಡಿದರು.

ಜರ್ಮನಿಯ ಕೈಗೆ ಮತ್ತೆ ಆಯುಧ ಬಂದೀತೆಂಬ ಆ ಭೀತಿಯನ್ನು ನಾನು ಹಳಿಯಲಾರೆ. ಮಕ್ಕಳನ್ನು ಯುದ್ಧಕ್ಕೆ ಬಲಿಗೊಟ್ಟ ಜನರ ಭೀತಿ ಅದು. ಆದರೆ ಒಂದು ದೇಶ ತಾನೇ ಹೆತ್ತ ಪ್ರಸ್ತಾಪವನ್ನು ನಿರಾಕರಿಸುವಾಗ, ವಾದವನ್ನು ಕೊನೆಮುಟ್ಟ ಕೇಳಿ ನಿರಾಕರಿಸಬೇಕಿದ್ದಿತು.

ಅದೇ ವರ್ಷದ ಡಿಸೆಂಬರ್ 30ರಂದು, ಮಿತ್ರರಾಷ್ಟ್ರಗಳ ಒತ್ತಾಯಕ್ಕೆ ಮಣಿದು, ಅದೇ ಸಭೆ 287ಕ್ಕೆ 260 ಮತಗಳಿಂದ ಜರ್ಮನಿಯ ಸ್ವಂತ ಸೇನೆಗೆ ಸಮ್ಮತಿಯಿತ್ತಿತು. ಯುರೋಪು ಒಂದಾಗಲು ಸೈನ್ಯದ ಹಾದಿ ಹೀಗೆ ಮುಚ್ಚಿದ್ದರಿಂದಲೇ, 1955ರ ಜೂನಿನಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಸೇರಿದ ಆರು ದೇಶಗಳ ಸಚಿವರು ವ್ಯಾಪಾರ, ಸಾರಿಗೆ, ಅಣುಶಕ್ತಿಗಳತ್ತ ತಿರುಗಿದರು. 1957ರ ಮಾರ್ಚ್ 25ರಂದು ರೋಮಿನಲ್ಲಿ ಸಹಿಯಾದ ಆರ್ಥಿಕ ಸಮುದಾಯದ ಒಪ್ಪಂದ ಸುಂಕ, ಕೃಷಿ, ಕಾರ್ಮಿಕರ ಸಂಚಾರಗಳನ್ನು ಕುರಿತದ್ದು. ಜಂಟಿ ಸೇನೆಯ ಪ್ರಸ್ತಾಪ ಅದರಲ್ಲಿರಲಿಲ್ಲ.