ಓಲ್ಡ್ ಸೇರಮ್ ಸಂಸತ್ ಕ್ಷೇತ್ರ

ಓಲ್ಡ್ ಸೇರಮ್ ಇಂಗ್ಲೆಂಡಿನ ವಿಲ್ಟ್‌ಶೈರ್ ಪ್ರಾಂತ್ಯದಲ್ಲಿದ್ದ ಹಿಂದಿನ ಸಂಸತ್ ಕ್ಷೇತ್ರ. ಗುಡ್ಡದ ಮೇಲಿನ ಈ ಪಟ್ಟಣದ ಪ್ರಧಾನ ಚರ್ಚು 13ನೆಯ ಶತಮಾನದಲ್ಲಿ ಕೆಳಗಿನ ಬಯಲಿಗೆ, ಅಂದರೆ ಇಂದಿನ ಸಾಲ್ಸ್‌ಬರಿಗೆ, ಸ್ಥಳಾಂತರಗೊಂಡಿತು. ಜನರೂ ಕ್ರಮೇಣ ಅಲ್ಲಿಗೇ ಇಳಿದರು. ಊರು ಹಾಳುಬಿದ್ದರೂ ಹೌಸ್ ಆಫ್ ಕಾಮನ್ಸ್‌ಗೆ ಇಬ್ಬರು ಸದಸ್ಯರನ್ನು ಕಳುಹಿಸುವ ಹಕ್ಕು ಮಾತ್ರ ಉಳಿಯಿತು. ಮತಾಧಿಕಾರವು ನಿವಾಸಿಗಳಿಗಲ್ಲದೆ ಕೆಲವು ನಿರ್ದಿಷ್ಟ ನಿವೇಶನಗಳ ಹಿಡುವಳಿದಾರರಿಗೆ ಸೇರಿದ್ದುದರಿಂದ, ಜಮೀನನ್ನು ಕೊಂಡವನು ಸಂಸತ್ತಿನ ಸ್ಥಾನಗಳನ್ನೂ ಕೊಂಡಂತಾಗುತ್ತಿತ್ತು. ಬೆರಳೆಣಿಕೆಯ ಮತದಾರರು ಬಯಲಿನ ಮರವೊಂದರ ಕೆಳಗೆ ಸೇರಿ ಚುನಾವಣೆ ಮುಗಿಸುತ್ತಿದ್ದರು.

1691ರಲ್ಲಿ ಇದನ್ನು ಖರೀದಿಸಿದ ಥಾಮಸ್ ಪಿಟ್ ಮುಂದೆ ಮದರಾಸಿನ ಗವರ್ನರನಾದನು. ಅಲ್ಲಿ ಕೊಂಡ ಭಾರಿ ವಜ್ರದಿಂದಾಗಿ ‘ಡೈಮಂಡ್ ಪಿಟ್’ ಎನಿಸಿಕೊಂಡನು. ಅವನ ಮೊಮ್ಮಗ ಹಿರಿಯ ವಿಲಿಯಂ ಪಿಟ್ 1735ರಲ್ಲಿ ಇಲ್ಲಿಂದಲೇ ಸಂಸತ್ತನ್ನು ಪ್ರವೇಶಿಸಿದನು. ವಿಪರ್ಯಾಸವೆಂದರೆ, 19ನೆಯ ಶತಮಾನದ ಆರಂಭದಲ್ಲಿಯೂ ಮ್ಯಾಂಚೆಸ್ಟರ್‌ನಂತಹ ಕೈಗಾರಿಕಾ ನಗರಕ್ಕೆ ಸ್ವಂತ ಪ್ರತಿನಿಧಿಯೇ ಇರಲಿಲ್ಲ. 1832ರ ಸುಧಾರಣಾ ಕಾಯಿದೆಯು ಓಲ್ಡ್ ಸೇರಮ್ ಕ್ಷೇತ್ರವನ್ನು ರದ್ದುಗೊಳಿಸಿ, ಮ್ಯಾಂಚೆಸ್ಟರಿಗೆ ಎರಡು ಸ್ಥಾನಗಳನ್ನು ನೀಡಿತು.